ಎಡಮೂಲೆಯ ಮಿಲೋ ಹ್ರೂಷ್ಕ

ದಾರಿ ಕೇಳಿದವರಿಗೆ ಮಿಲೋ ಹ್ರೂಷ್ಕ ಬೆರಳು ತೋರಿಸಿದನೆಂದರೆ ಅವರು ಊರು ಮುಟ್ಟುವುದು ಅನುಮಾನ. ಏಕೆಂದರೆ ಆ ಕೈಯಲ್ಲಿ ಒಂದು ಬೆರಳು ಸರೋವರದ ಕಡೆ ತಿರುಗಿದ್ದರೆ ಇನ್ನೊಂದು ಉಕ್ಕಿನ ಕಾರ್ಖಾನೆಯ ಕಡೆ, ಮಿಕ್ಕವು ತಮಗೆ ತೋಚಿದ ಕಡೆ. ವರ್ಷಾನುಗಟ್ಟಲೆ ಎದುರಾಳಿಗಳ ಎದೆಗವಚಗಳಿಗೆ ಸಿಕ್ಕಿ ಮುರಿದು, ತಮ್ಮಷ್ಟಕ್ಕೆ ತಾವೇ ಕೂಡಿಕೊಂಡ ಬೆರಳುಗಳವು.

ಕೈಯಲ್ಲಿ ಚೆಂಡು ಹಿಡಿದು ಆಡುವ ನಮ್ಮೂರಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಅವನದು ಎಡಮೂಲೆ. ಚೆಂಡು ಎಸೆಯುವ ಟೆರೆನ್ಸ್ ಬಲಕ್ಕೆ ದೃಷ್ಟಿ ನೆಟ್ಟು ನಿಂತಾಗ, ಅವನ ಬೆನ್ನ ಮೇಲೆ ನುಗ್ಗಿಬರುವವರನ್ನು ಮೈಯೊಡ್ಡಿ ತಡೆಯುವುದಷ್ಟೇ ಮಿಲೋನ ಕೆಲಸ. ಅವನು ಚೆಂಡು ಮುಟ್ಟಿದ್ದನ್ನು ಕಂಡವರಿಲ್ಲ. ಅವನ ಅಂಗಿಯ ಸಂಖ್ಯೆ ಧ್ವನಿವರ್ಧಕದಲ್ಲಿ ಮೊಳಗುತ್ತಿದ್ದುದು ತಪ್ಪು ಮಾಡಿದಾಗ ಮಾತ್ರ. ಆಟ ಮುಗಿದ ಮೇಲೆ ಅವನ ತಾಯಿ ಅನ್ನುತ್ತಿದ್ದಳಂತೆ: "ಇವತ್ತು ನಿನ್ನ ನಂಬರು ಒಂದ್ಸಲಾನೂ ಕೇಳ್ಲಿಲ್ಲ ಕಣೋ. ಚೆನ್ನಾಗೇ ಆಡಿದೀಯ."

ಡಿಸೆಂಬರಿನ ಹಿಮ ಮೈದಾನದ ಗೆರೆಗಳನ್ನೆಲ್ಲ ಅಳಿಸಿಹಾಕುತ್ತಿದ್ದಾಗಲೂ ಅವನು ಬರಿತೋಳಲ್ಲೇ ನಿಲ್ಲುತ್ತಿದ್ದ. ಅವನಂತೆ ಮೈಯೊಡ್ಡಿ ತಡೆಯುವ ಮುಂಸಾಲಿನವರ ವ್ರತವೇ ಅದು. ಚಳಿಯಾಗುವುದಿಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, "ಆಗುತ್ತೆ. ಆದ್ರೆ ತೋಳಿರೋ ಅಂಗಿ ತೊಟ್ರೆ ಎದುರಿನೋನ ಕೈಗೆ ಜುಟ್ಟು ಕೊಟ್ಟಂಗೆ" ಎಂದಿದ್ದ.

ತಂಡ ಸೇರಿದ ಹನ್ನೆರಡನೆಯ ವರ್ಷದ ಬೇಸಿಗೆ ಶಿಬಿರದ ಹೊತ್ತಿಗೆ ಅವನ ಎಡಮಂಡಿ ಸೋತಿತ್ತು. ಅದೇ ಮೂಲೆಗೆ ನೆಬ್ರಾಸ್ಕದ ಜೋಳದ ಹೊಲಗಳಿಂದ ಕೋಡಿ ಸ್ಟ್ರಿಕ್ಲರ್ ಎಂಬ ತರುಣ ಬಂದ. ಉಳಿಯುವವನು ಒಬ್ಬನೇ, ಶನಿವಾರದ ಅಭ್ಯಾಸ ಪಂದ್ಯ ನೋಡಿ ನಿರ್ಧಾರ ಎಂದ ತರಬೇತುದಾರ.

"ಅಜ್ಜಾ, ನಿನ್ನ ಮಂಡಿ ಕಟಕಟ ಅನ್ನೋದು ಊಟದ ಮನೆವರೆಗೂ ಕೇಳುತ್ತೆ," ಎಂದು ಕೋಡಿ ಕಿಚಾಯಿಸಿದರೆ, "ನಿನ್ನ ಬಾಯಿ ಸದ್ದಲ್ಲಿ ಬೇರೇದೂ ಕೇಳುತ್ತಾ ಮರಿ?" ಎಂದು ಮಿಲೋ ಆಲೂಗಡ್ಡೆಯ ತಟ್ಟೆಗೆ ಬಾಗುತ್ತಿದ್ದ.

ಶುಕ್ರವಾರದ ಅಭ್ಯಾಸದಲ್ಲಿ ಮಿಲೋ ಒಂದು ಸಂಗತಿ ಕಂಡ. ಪ್ರತಿ ಸಲ ಚೆಂಡು ಕದಲುವ ಮುನ್ನ ಮುಂಸಾಲಿನವನು ಒಂದು ಕೈಯನ್ನು ಹುಲ್ಲಿಗೆ ಊರಿ ಬಾಗುತ್ತಾನೆ. ಮುನ್ನುಗ್ಗಿ ದಾರಿ ಬಿಡಿಸುವ ಆಟವಿದ್ದಾಗ ಕೋಡಿ ಅರಿಯದೆಯೇ ಆ ಕೈಯ ಮೇಲೆ ಭಾರ ಹಾಕುತ್ತಿದ್ದ, ಗೆಣ್ಣುಗಳು ಬೆಳ್ಳಗಾಗುತ್ತಿದ್ದವು. ಹಿಂದೆ ಸರಿದು ಟೆರೆನ್ಸನನ್ನು ಕಾಯುವ ಆಟವಾದರೆ ಗೆಣ್ಣುಗಳು ಕೆಂಪಗೇ ಉಳಿಯುತ್ತಿದ್ದವು. ಮುಂದೇನೆಂದು ಊಹಿಸಲು ಎದುರಾಳಿಗೆ ಅಷ್ಟು ಸಾಕು. ನಾಳೆ ಅವರು ಓದಿಕೊಂಡರೆ ಕೋಡಿ ಮಣ್ಣುಮುಕ್ಕುತ್ತಾನೆ, ಮೂಲೆ ಮಿಲೋನದಾಗುತ್ತದೆ.

ಕೋಡಿಗೆ ಹೇಳಿಬಿಡಲೇ ಎಂದು ಸಂಜೆ ಫೋನಿನಲ್ಲಿ ಕೇಳಿದ್ದಕ್ಕೆ ಹೆಂಡತಿ ಲೊರೇನ್ ಅಂದಳು: "ನೀನ್ಯಾಕೆ ಹೇಳ್ಬೇಕು? ಅವ್ನಿಗೆ ಹೇಳಿಕೊಡೋಕೆ ಅಷ್ಟು ಜನ ಇಲ್ವಾ?"

"ಅವ್ರು ಯಾರೂ ನೋಡಿಲ್ಲ ಕಣೆ."

"ಹಂಗಾದ್ರೆ ನೀನೂ ನೋಡಿಲ್ಲ ಅಂದ್ಕೋ. ಇನ್ನೊಂದು ವರ್ಷ ಆಡ್ಬೇಕು ಅಂತ ನೀನೇ ಅಂತಿದ್ದೆ."

"ಬೀಳೋನು ಕೋಡಿ ಆದ್ರೂ ಏಟು ತಿನ್ನೋನು ಟೆರೆನ್ಸ್. ಅವನಿಗೆ ಬೆನ್ನಲ್ಲಿ ಕಣ್ಣಿಲ್ವಲ್ಲೇ," ಎಂದ ಮಿಲೋ.

ಶನಿವಾರ ಬೆಳಿಗ್ಗೆ ಮಿಲೋ ಕೋಡಿಯನ್ನು ಮೈದಾನದ ಅಂಚಿಗೆ ಕರೆದೊಯ್ದು, ನೋಯುವ ಮಂಡಿಯನ್ನೂರಿ ಹುಲ್ಲಿನ ಮೇಲೆ ಕೈಯಿಟ್ಟು ತೋರಿಸಿದ. "ನಿನ್ನ ಗೆಣ್ಣು ಚಾಡಿ ಹೇಳ್ತಿದಾವೆ. ಯಾವ ಆಟ ಆದ್ರೂ ಒಂದೇ ಭಾರ ಹಾಕು."

ಕೋಡಿ ತನ್ನ ಕೈಯನ್ನೇ ದಿಟ್ಟಿಸಿದ. "ನಂಗೆ ಇದನ್ನ ಯಾಕೆ ಹೇಳ್ದೆ?"

"ಬಾಗು. ಇನ್ನೊಂದ್ಸಲ ಮಾಡಿ ತೋರ್ಸು."

ಆ ಮಧ್ಯಾಹ್ನ ಕೋಡಿ ಬಂಡೆಯಂತೆ ನಿಂತ. ಮಿಲೋನ ಮಂಡಿ ಎರಡು ಸಲ ಕುಸಿಯಿತು. ಭಾನುವಾರ ತರಬೇತುದಾರ ಅವನನ್ನು ಕರೆದು ಕೈ ಕುಲುಕಿ ಬೀಳ್ಕೊಟ್ಟ. ಅಷ್ಟೇ.

ಸೆಪ್ಟೆಂಬರಿನ ಮೊದಲ ಪಂದ್ಯಕ್ಕೆ ಮಿಲೋ ನಮ್ಮಂತೆಯೇ ಟಿಕೇಟು ಕೊಂಡು ಬಂದ. ಟೆರೆನ್ಸ್ ಎಸೆದ ಚೆಂಡು ಆಕಾಶಕ್ಕೇರಿದಾಗ ಇಡೀ ಕ್ರೀಡಾಂಗಣ ಕತ್ತೆತ್ತಿ ಎದ್ದುನಿಂತಿತು. ಅವನೊಬ್ಬ ಮಾತ್ರ ಕೂತಲ್ಲೇ ಬಗ್ಗಿ, ಜನರ ಸೊಂಟಗಳ ನಡುವಿನಿಂದ ಎಡಮೂಲೆಯನ್ನು ನೋಡುತ್ತಿದ್ದ. ಲೋಕ ನೋಡುವುದು ಹಾರುವ ಚೆಂಡನ್ನು. ಅದು ಹಾರಲು ಬೇಕಾದ ಎರಡು ಉಸಿರಿನ ಹೊತ್ತನ್ನು ಮೈ ತೆತ್ತು ಕೊಡುವವರ ಜಾತಿಯೇ ಬೇರೆ. ಜಾಗ ತಮ್ಮದೆಂದು ಅವರು ಭಾವಿಸುವುದಿಲ್ಲ, ಅದರ ಕಾವಲಷ್ಟೇ ತಮ್ಮದೆನ್ನುತ್ತಾರೆ. ಬಿಟ್ಟುಹೋಗುವ ದಿನವೂ ಅವರು ಮೊದಲು ನೋಡುವುದು ತಮ್ಮ ಹಿಂದೆ ಯಾರು ನಿಂತಿದ್ದಾರೆ ಎಂಬುದನ್ನೇ.