ಹಸಿರು ಹೂವು

ಕುಂದಾಪುರದ ಆಸ್ಪತ್ರೆಗೆ ಕರೆತಂದಾಗ ವೈಕುಂಠ ಹೇರ್ಳೆಯವರ ರಕ್ತದೊತ್ತಡ ತೀರಾ ಇಳಿದಿತ್ತು. ಯಂತ್ರವೇ ಕೆಟ್ಟಿದೆ ಎಂದುಕೊಂಡು ನರ್ಸ್ ಇನ್ನೊಂದನ್ನು ತಂದಳು. ಅದೂ ಅದನ್ನೇ ತೋರಿಸಿತು.

ಹೇರ್ಳೆಯವರು ಸಾಲಿಗ್ರಾಮದ ಸಮೀಪದ ಸಣ್ಣ ದೇವಸ್ಥಾನವೊಂದರ ಅರ್ಚಕರು. ಬೆಳಿಗ್ಗೆ ದೋಸೆ ತಿಂದು ಎದ್ದವರು ಚಾವಡಿಯಲ್ಲೇ ಕುಸಿದಿದ್ದರು. ಅವರ ತಮ್ಮನ ಮಗಳು ಶ್ರಾವ್ಯ ಕಾರಿನಲ್ಲಿ ಹಾಕಿಕೊಂಡು ಬಂದಿದ್ದಳು. ಹಿಂದಿನ ಸೀಟಿನಲ್ಲಿ ಗೋಮತಿ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು.

ಡಾಕ್ಟರ್ ಶ್ರೀರಾಮ ಸಲೈನ್ ಹಚ್ಚಿಸಿ, ಕಂಪ್ಯೂಟರಿನಲ್ಲಿ ಹೇರ್ಳೆಯವರ ಹೆಸರು ತೆರೆದರು. ಪರದೆಯ ತುಂಬ ಹಸಿರು ಚುಕ್ಕಿಗಳು, ಮಾತ್ರೆ ತಗೊಂಡ ದಿನಕ್ಕೊಂದು. ಶ್ರಾವ್ಯಳಿಗೆ ಅವುಗಳ ಪರಿಚಯ ಚೆನ್ನಾಗಿಯೇ ಇತ್ತು. ಬ್ರಹ್ಮಾವರದ ಸಣ್ಣ ಸಂಸ್ಥೆಯೊಂದರಲ್ಲಿ ಅವಳು ಡಿಸೈನರ್. ಮಾತ್ರೆ ನೆನಪಿಸುವ ಆ ಆ್ಯಪ್ ಅವಳದೇ ವಿನ್ಯಾಸ. ಈ ಡಾಕ್ಟರ ರೋಗಿಗಳೇ ಅದನ್ನು ಮೊದಲು ಬಳಸತೊಡಗಿದವರು.

"ಒಂದು ದಿನವೂ ಮಾತ್ರೆ ತಪ್ಪಿಲ್ಲ. ಆದರೂ ಬಿಪಿ ಇಳಿಯುತ್ತಿರಲಿಲ್ಲ ಅಂತ ನಾನೇ ಎರಡು ಸಲ ಡೋಸ್ ಹೆಚ್ಚಿಸಿದೆ. ಅಷ್ಟನ್ನೂ ತಗೊಂಡು ಓಡಾಡಿಕೊಂಡಿದ್ದವರು ಈಗ ಬಿದ್ದಿದ್ದಾರೆ ಅಂದರೆ ಕಾರಣ ಬೇರೆ ಇರಬೇಕು" ಎಂದರು ಡಾಕ್ಟರ್. "ಇಸಿಜಿ ಸ್ಪಷ್ಟವಿಲ್ಲ. ಹೃದಯದ್ದೇ ಇರಬಹುದು. ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತೇನೆ, ಆಂಜಿಯೋಗ್ರಾಂ ಆಗಲಿ. ಆಂಬುಲೆನ್ಸ್‌ಗೆ ಹೇಳಿದ್ದೇನೆ."

ಶ್ರಾವ್ಯ ಹೊರಗೆ ಬಂದಾಗ ಗೋಮತಿ ಬೆಂಚಿನ ತುದಿಯಲ್ಲಿ ಕುಳಿತಿದ್ದರು.

"ದೊಡ್ಡಮ್ಮ, ದೊಡ್ಡಪ್ಪ ಇವತ್ತ್ ಮಾತ್ರೆ ತಕಂಡಿರಾ?"

"ತಕಂಡ್ರಲೆ. ಈಗ ಮೂರ್ನಾಲ್ಕ್ ದಿನದಿಂದ ಸಮಾ ತಕಂತ್ರ್. ದಾಯಾದಿಯವ್ರ್ ತೀರ್ಕಂಡ್ ಸೂತಕ ಅಲ್ದಾ, ದೇವಸ್ಥಾನಕ್ಕೆ ಹೋಪುಕಿಲ್ಲ. ಬೆಳಿಗ್ಗೆಯೇ ತಿಂಡಿ ಆತ್ತ್, ಮಾತ್ರೆಯೂ ಆತ್ತ್."

"ಈಗ ಮೂರ್ನಾಲ್ಕ್ ದಿನದಿಂದ ಅಂದ್ರೆ? ಮುಂಚೆ?"

"ಮುಂಚೆ ಹ್ಯಾಂಗ್ ತಕಂಬುದ್ ಹೆಣೆ? ಪೂಜೆ ಮುಗ್ದ್, ನೈವೇದ್ಯ ಆಪಲ್ಲಿವರಿಗೆ ಬಾಯಿಗೆ ನೀರೂ ಹಾಕ್ತಿಲ್ಲ ಅವ್ರ್. ಮನೆಗೆ ಬಪ್ಪತಿಗೆ ಮಧ್ಯಾಹ್ನ. ಬೆಳಿಗ್ಗಿನ ಮಾತ್ರೆ ಮಧ್ಯಾಹ್ನ ತಿಂಬುಕಾತ್ತಾ?"

"ಮತ್ತೆ ಫೋನ್? ದಿನಾ ಒತ್ತಿದ್ದ್ ಯಾರ್?"

"ಮಡಿಯಲ್ಲಿಪ್ಪವ್ರ್ ಫೋನ್ ಮುಟ್ತ್ರಾ? ನಿನ್ನ ಆ ಗಂಟೆ ಒಂದೇ ಸಮ ಬಡ್ಕಂತಾ ಇರತ್ತ್, ಒತ್ತುವರಿಗೆ ನಿಲ್ಲುದೇ ಇಲ್ಲ. ನಾನೇ ಒತ್ತುದ್." ಗೋಮತಿ ಆ ಸ್ಥಿತಿಯಲ್ಲೂ ಕೊಂಚ ಅರಳಿದರು. "ಒತ್ತಿರ್ ಕೂಡ್ಲೆ ಚಂದದ ಹೂಗೊಂದ್ ಬತ್ತ್. ನಮ್ಮ್ ಶ್ರಾವ್ಯ ಬಿಡ್ಸಿದ್ದ್ ಅಂದೇಳಿ ಆಚಿ ಮನಿಯವ್ರಿಗೂ ತೋರ್ಸಿದೆ."

ಗಂಟೆಯ ಸದ್ದು ಶ್ರಾವ್ಯಳೇ ಆರಿಸಿದ್ದು. 'ತಗೊಂಡೆ' ಎಂಬ ಗುಂಡಿ ಒತ್ತುವವರೆಗೆ ಅದು ನಿಲ್ಲಬಾರದು ಎಂದು ಪಟ್ಟು ಹಿಡಿದವಳೂ ಅವಳೇ. ಹಿರಿಯರ ಕಣ್ಣಿಗೆ ಕಾಣುವಂಥ ಅಕ್ಷರ, ಹೆಬ್ಬೆರಳಿನಷ್ಟು ಅಗಲದ ಗುಂಡಿ, ಒತ್ತಿದವರಿಗೆ ಬಹುಮಾನವಾಗಿ ಹಸಿರು ಹೂವು, ಡಾಕ್ಟರ ಪರದೆಗೆ ಹಸಿರು ಚುಕ್ಕಿ. ಕೋರ್ಸಿನಲ್ಲಿ ಕಲಿತ ಯಾವುದನ್ನೂ ಬಿಟ್ಟಿರಲಿಲ್ಲ. ಪರೀಕ್ಷೆ ಮಾಡಿದ್ದು ಇದೇ ದೊಡ್ಡಪ್ಪನ ಮೇಲೆ, ಒಂದು ಸಂಜೆ, ಜಗಲಿಯಲ್ಲಿ. ಅವರು ಮೊದಲ ಸಲಕ್ಕೇ ಒತ್ತಿ, "ಇಷ್ಟೇಯಾ? ಇದಕ್ಕೆ ನಿಂಗೆ ಸಂಬಳವೂ ಕೊಡ್ತ್ರಾ?" ಎಂದು ನಕ್ಕಿದ್ದರು.

ಬೆಳಿಗ್ಗೆ ಮಾತ್ರೆಯ ಹೊತ್ತಿಗೆ ಎಷ್ಟು ಮನೆಗಳಲ್ಲಿ ಸುಮ್ಮನೆ ಕೂತು ನೋಡಿದ್ದೀ ಎಂದು ಸಂಸ್ಥೆಯ ರತೀಶ್ ಕೇಳಿದಾಗ ಅವಳಿಗೆ ನಗು ಬಂದಿತ್ತು. ಹುಟ್ಟಿ ಬೆಳೆದ ಮನೆಯನ್ನು ಹೋಗಿ ನೋಡುವುದೇನಿದೆ ಎಂದಿದ್ದಳು. ಒದ್ದೆ ಪಂಚೆಯ ದೊಡ್ಡಪ್ಪನನ್ನು ಮುಟ್ಟಿ ಬೈಸಿಕೊಂಡು ಬೆಳೆದವಳು ಅವಳು.

ಆಂಬುಲೆನ್ಸ್ ಬಾಗಿಲಿಗೆ ಬಂದು ನಿಂತಿತು. ಶ್ರಾವ್ಯ ಓಡಿದಳು.

"ಡಾಕ್ಟರೇ, ಆ ಹಸಿರು ಸುಳ್ಳು. ಅವರು ಇಷ್ಟು ದಿನ ಮಾತ್ರೆ ತಿಂದೇ ಇಲ್ಲ. ತಿನ್ನಲು ಶುರು ಮಾಡಿದ್ದು ಈ ವಾರ, ನೀವು ಹೆಚ್ಚಿಸಿದ ಡೋಸ್ ಪೂರ್ತಿ."

ಶ್ರೀರಾಮ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಆಂಬುಲೆನ್ಸನ್ನು ತಡೆದು, ಎಲ್ಲ ಮಾತ್ರೆ ನಿಲ್ಲಿಸಿದರು. ಮಧ್ಯಾಹ್ನದ ಹೊತ್ತಿಗೆ ಒತ್ತಡ ಮೇಲೆ ಬರತೊಡಗಿತು. ಹೇರ್ಳೆಯವರು ಕಣ್ಣು ಬಿಟ್ಟು, ಪಂಚೆ ಎಲ್ಲಿ ಎಂದು ಕೇಳಿದರು.

ಶ್ರಾವ್ಯಳಿಗೆ ಅಳು ಬರುವುದರಲ್ಲಿತ್ತು. ಡಾಕ್ಟರ್ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

"ಹಸಿರು ನೋಡಿ ನಾನು ಡೋಸ್ ಹೆಚ್ಚಿಸಿದ್ದು ಇವರೊಬ್ಬರಿಗೇ ಅಲ್ಲ" ಎಂದರು. "ಮಾತ್ರೆ ತಿಂತಿದ್ದೀರಾ ಅಂತ ಬಾಯಿಬಿಟ್ಟು ಕೇಳುವುದನ್ನೇ ಬಿಟ್ಟಿದ್ದೆ. ಕೇಳುವ ಕೆಲಸ ನಿಮ್ಮ ಆ್ಯಪ್ ಮಾಡುತ್ತದೆ ಅಂದುಕೊಂಡೆ."

ಹಾಗೆ ಡೋಸ್ ಹೆಚ್ಚಿಸಿದವರ ಪಟ್ಟಿ ಪರದೆಯಲ್ಲಿತ್ತು; ಮೊದಲ ಹೆಸರು ತ್ರಾಸಿಯ ಬಚ್ಚ. ಟ್ರಾಲ್ ಬೋಟಿನಲ್ಲಿ ಮೀನು ಹಿಡಿಯುವವರು. ಡಾಕ್ಟರ್ ಸ್ಪೀಕರ್ ಹಾಕಿ ಫೋನ್ ಮಾಡಿದರು. ಎತ್ತಿದ್ದು ಬಚ್ಚನ ಹೆಂಡತಿ ಜಲಜ.

"ಇವ್ರಾ? ಬೋಟಿಗೆ ಹೋಯಿರ್ ಡಾಕ್ಟ್ರೆ. ಫೋನ್ ಮನೆಲೇ ಇಟ್ಟ್ ಹೋತ್ರ್, ಉಪ್ಪ್ ನೀರಿಗೆ ಹಾಳಾತ್ತಲೆ."

"ಬೆಳಿಗ್ಗೆ ಗಂಟೆ ಹೊಡೆದಾಗ ಒತ್ತಿದ್ದು ಯಾರು?"

"ನಾನೇ. ದಿನಾ ನಾನೇ ಒತ್ತುದ್, ಒಂದ್ ದಿನವೂ ತಪ್ಪ್ಸಿಲ್ಲ."

"ಮಾತ್ರೆ?"

"ಅದ್ ಡಬ್ಬಿಯಲ್ಲೇ ಇತ್ತ್. ಕಡಲಲ್ಲಿ ಮಾತ್ರೆ ತಿಂದ್ರೆ ತಲೆ ತಿರ್ಗತ್ತ್ ಅಂತ್ರ್ ಇವ್ರ್. ನೀವೆಂತ ಹೆದ್ರಬೇಡಿ. ನಾಳೆಯಿಂದ ಮಳೆಗಾಲಕ್ಕೆ ಬೋಟ್ ಬಂದ್, ಇನ್ನ್ ಎರಡ್ ತಿಂಗ್ಳ್ ಮನೆಲೇ. ಬೆಳಿಗ್ಗೆ ಬೆಳಿಗ್ಗೆ ನಾನೇ ಕೈಯಲ್ಲಿಟ್ಟ್ ತಿನ್ನಿಸ್ತೆ."

ಶ್ರಾವ್ಯ ಫೋನಿನ ಮೇಲೆ ಬಗ್ಗಿದಳು.

"ಕೊಡ್ಬೇಡಿ ಜಲಜಕ್ಕ! ಒಂದೂ ಕೊಡ್ಬೇಡಿ. ನಾಳೆ ಬೆಳಿಗ್ಗೆಯೇ ಇಲ್ಲಿಗೆ ಕರ್ಕಂಡ್ ಬನ್ನಿ."

"ಎಂತ ಮಾರಾಯ್ತಿ ಇದ್? ಜಾಸ್ತಿ ತಿನ್ನಿ ಅಂದೇಳಿ ಬರ್ದ್ ಕೊಟ್ಟದ್ದ್ ಡಾಕ್ಟ್ರೇ ಅಲ್ದಾ?"

"ಹೌದಮ್ಮ, ನಾನೇ" ಎಂದರು ಶ್ರೀರಾಮ. "ಆದರೂ ಕೊಡಬೇಡಿ."

ಫೋನ್ ಇಟ್ಟ ಮೇಲೆ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಶ್ರಾವ್ಯ ಅಷ್ಟರಲ್ಲಿ ಕುರ್ಚಿ ಎಳೆದುಕೊಂಡು ಕುಳಿತು, ಮುಂದಿನ ಹೆಸರಿನ ನಂಬರನ್ನು ಗಟ್ಟಿಯಾಗಿ ಓದತೊಡಗಿದ್ದಳು.