ಗಿಬ್ಬನ ಮಗ

ಯಾರ್ಕ್‌ಶೈರಿನ ಆ ಕಣಿವೆಯಲ್ಲಿ ಹೇಮೋ ಎಂಬ ಹೆಸರಿನವರು ಮೂವರಿದ್ದರು. ಕುಲುಮೆಯಲ್ಲಿದ್ದವನನ್ನು ಕಮ್ಮಾರ ಹೇಮೋ ಅನ್ನುತ್ತಿದ್ದರು, ಮೇಲುಗಡೆ ಕುರಿ ಕಾಯುತ್ತಿದ್ದವನನ್ನು ಗುಡ್ಡದ ಹೇಮೋ. ಮೂರನೆಯವನ ಗುಡಿಸಲು ಹಳ್ಳ ದಾಟುವ ಕಡವಿನ ಪಕ್ಕದಲ್ಲೇ ಇತ್ತು. ಕಡವಿನ ಹೇಮೋ ಅನ್ನಲು ಯಾರ ನಾಲಿಗೆಗೂ ಕಷ್ಟವಿರಲಿಲ್ಲ. ತನ್ನನ್ನು ತಾನು ಅವನು ಹಾಗೇ ಹೇಳಿಕೊಳ್ಳುತ್ತಿದ್ದ. ಊರು ಮಾತ್ರ ಅವನನ್ನು ಗಿಬ್‌ಸನ್ ಅಂದಿತು. ಸನ್ ಅಂದರೆ ಅವರ ಮಾತಿನಲ್ಲಿ ಮಗ. ಗಿಬ್ಬನ ಮಗ.

ಗಂಡುಬೆಕ್ಕಿಗೂ ಆ ಕಡೆ ಗಿಬ್ ಅಂತಲೇ ಹೆಸರು. ಹೇಮೋ ಬಿಯರು ಮಾರುವ ಮನೆಗೆ ಹೋದರೆ ಮೂಲೆಯಿಂದ ಯಾರಾದರೂ ಒಬ್ಬರು ಮಿಯಾಂವ್ ಅನ್ನುತ್ತಿದ್ದರು, ಉಳಿದವರು ಲೋಟದೊಳಗೆ ಮುಖ ಹುದುಗಿಸಿ ನಗುತ್ತಿದ್ದರು. ಅದನ್ನು ಅವನು ಹೇಗೋ ಸಹಿಸಿಕೊಂಡಿದ್ದ. ಸಹಿಸಲಾಗದಿದ್ದದ್ದು ನಗು ನಿಂತ ಮೇಲೆ ಉಳಿಯುತ್ತಿದ್ದ ಮೌನ. ಅವನು ಕೂತ ಬೆಂಚಿನಲ್ಲಿ ಪಕ್ಕದ ಜಾಗ ಯಾವಾಗಲೂ ಖಾಲಿ.

ಹನ್ನೆರಡು ವರ್ಷದ ಹಿಂದೆ, ಮೊದಲ ಮಹಾಮಾರಿ ಬಂದಾಗ, ಊರಿನ ಹೆಣಗಳನ್ನು ಹೂತವನು ಅವನ ಅಪ್ಪ ಗಿಬ್. ಸ್ವಂತ ಮಕ್ಕಳನ್ನು ಮುಟ್ಟಲು ತಾಯಂದಿರೇ ಹೆದರಿದ ದಿನಗಳವು. ಗಿಬ್ ಕೈಗಾಡಿ ತಳ್ಳಿಕೊಂಡು ಬಾಗಿಲಿಂದ ಬಾಗಿಲಿಗೆ ಹೋಗಿ ಹೆಣ ಹೇರಿಕೊಂಡು ಬಂದು ಚರ್ಚಿನ ಹಿಂದಿನ ಗುಂಡಿಗೆ ಇಳಿಸಿದ. ಮಾರಿ ಮುಗಿದ ಮೇಲೆ ಊರು ಅವನಿಗೆ ಕೈಮುಗಿಯಲಿಲ್ಲ. ಗಿರಣಿಯವನ ಹೆಂಡತಿಯನ್ನು ಜೀವವಿರುವಾಗಲೇ ಗುಂಡಿಗೆ ಹಾಕಿದ ಅನ್ನುವ ಮಾತು ಹುಟ್ಟಿತು. ಹುಟ್ಟಿಸಿದವನು ಆಕೆಯ ಮಗ ಜೋರ್ಡನ್. 'ನಮ್ಮವ್ವನ ಕೈ ಇನ್ನೂ ಆಡ್ತಿತ್ತು, ಆ ಪಾಪಿ ಕಣ್ಣು ಮುಚ್ಕೊಂಡು ಮಣ್ಣೆಳೆದ' ಎಂದು ಅವನು ಹೇಳಿದ ಮೇಲೆ ಇನ್ಯಾರು ಸಾಕ್ಷಿ ಕೇಳುತ್ತಾರೆ? ಗಿಬ್ ಒಂದು ಮಾತನ್ನೂ ಆಡಲಿಲ್ಲ. ಹೇಮೋ ಕೇಳಿದಾಗಲೂ ಆಡಲಿಲ್ಲ. ಮಗನ ಕಡೆ ಸುಮ್ಮನೆ ನೋಡಿ, ಒಲೆಗೆ ಇನ್ನೊಂದು ತುಂಡು ಹಾಕಿದ. ಎರಡು ಚಳಿಗಾಲ ಕಳೆದು ಸತ್ತ. ಹೂಳಲು ಮಗನೂ ಮುದಿ ಪಾದ್ರಿ ಥರ್ಸ್ಟನ್ನರೂ ಬಿಟ್ಟರೆ ಬೇರೆ ಯಾರೂ ಬರಲಿಲ್ಲ.

ಅಪ್ಪ ಹಾಗೆ ಮಾಡಿರಬಹುದು ಎಂದೇ ಹೇಮೋ ಒಳಗೊಳಗೆ ನಂಬಿದ್ದ. ಮಾಡದವನು ಇಲ್ಲ ಅನ್ನುತ್ತಿರಲಿಲ್ಲವೇ?

ಮಾರಿ ಎರಡನೆಯ ಸಲ ಬಂದದ್ದು ಹುಲ್ಲು ಕೊಯ್ಯುವ ಕಾಲಕ್ಕೆ. ಈ ಸಲ ಅದಕ್ಕೆ ಮಕ್ಕಳೇ ಬೇಕಾಗಿತ್ತು. ಮೊದಲ ವಾರದಲ್ಲೇ ಕಮ್ಮಾರನ ಮನೆಯ ತೊಟ್ಟಿಲು ಖಾಲಿಯಾಯಿತು, ಆಮೇಲೆ ಗುಡ್ಡದ ಕೆಳಗಿನ ಮನೆಗಳವು. ಹೇಮೋಗೆ ಇಬ್ಬರು ಮಕ್ಕಳು, ಏಳು ವರ್ಷದ ಎಮ್ಮಟ್ ಮತ್ತು ಆಗತಾನೇ ಹೆಜ್ಜೆಯಿಡಲು ಕಲಿತಿದ್ದ ಡಿಕನ್. ಹೆಂಡತಿ ಏವಿಸ್ ಬಾಗಿಲಿಗೆ ಅಗುಳಿ ಹಾಕಿ, ಹಳ್ಳದ ನೀರಿಗೂ ಮಕ್ಕಳನ್ನು ಬಿಡದೆ ಕೂತಳು.

ಜೋರ್ಡನ್ ಬಂದದ್ದು ಆಗ. ಬೇಲಿಯ ಆಚೆಯೇ ನಿಂತ. ಗಿರಣಿಯ ಹಿಟ್ಟು ಹುಬ್ಬಿನ ಮೇಲೆಲ್ಲ ಕೂತಿತ್ತು.

"ಏನಪ್ಪಾ ಗಿಬ್ಬನ ಮಗ, ಒಳಗೆ ಅವಿತ್ಕೊಂಡು ಏನ್ ಮಾಡ್ತಿದೀಯಾ? ಊರಲ್ಲಿ ಕೆಲಸ ಬಿದ್ದಿದೆ."

"ನನ್ನ ಹುಲ್ಲು ಕೊಯ್ದಾಯ್ತು."

"ಹುಲ್ಲಿನ ಮಾತು ಯಾರಾಡಿದ್ರು? ನಿಮ್ಮ ಮನೆತನದ ಕೆಲಸ. ಕೈ ಒಗ್ಗಿದವರು ನೀವು."

"ನಾನು ಇವತ್ತಿನವರೆಗೆ ಒಂದು ಗುಂಡೀನೂ ತೋಡಿಲ್ಲ ಜೋರ್ಡನ್. ನಾನು ಕಡವಿನ ಹೇಮೋ."

"ನೀನು ಕಡವಿನವನೋ ಕಾಡಿನವನೋ, ಹೆಣಕ್ಕೆ ಅದೆಲ್ಲ ಗೊತ್ತಾಗಲ್ಲ ಬಿಡು" ಅಂದು ಜೋರ್ಡನ್ ಉಗುಳಿ ಹೊರಟುಹೋದ.

ಜೋರ್ಡನ್ ಕರೆದನೆಂದು ಹೇಮೋ ಹೋಗುತ್ತಿರಲಿಲ್ಲ. ಮರುದಿನ ಕುರಿಗಳನ್ನು ಹೊಡೆದುಕೊಂಡು ಚರ್ಚಿನ ಗೋಡೆಯ ಪಕ್ಕ ಬರುವಾಗ ಒಳಗಿಂದ ಸನಿಕೆಯ ಸದ್ದು ಕೇಳಿಸಿತು. ಇಣುಕಿದರೆ ಪಾದ್ರಿ ಥರ್ಸ್ಟನ್ನರು ನಿಲುವಂಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬರೇ ಅಗೆಯುತ್ತಿದ್ದರು. ಮೊಣಕಾಲು ಮುಳುಗುವಷ್ಟೂ ಆಳವಾಗಿರಲಿಲ್ಲ. ಅಂಗೈಯ ಬೊಬ್ಬೆ ಒಡೆದು ಸನಿಕೆಯ ಹಿಡಿ ಕೆಂಪಾಗಿತ್ತು. ಗೋಡೆಯ ನೆರಳಲ್ಲಿ ಕಂಬಳಿ ಸುತ್ತಿದ ಸಣ್ಣ ಸಣ್ಣ ಗಂಟುಗಳು ಸಾಲಾಗಿದ್ದವು.

"ಇಷ್ಟು ಮೇಲೆ ಹೂತರೆ ನಾಯಿ ಕೆದಕ್ತವೆ ಸ್ವಾಮಿ" ಅಂದ ಹೇಮೋ.

"ಗೊತ್ತು ಮಗಾ. ನನ್ನ ಕೈಲಿ ಆಗೋದು ಇಷ್ಟೇ."

ಹೇಮೋ ಗೋಡೆ ಹಾರಿ ಒಳಗಿಳಿದು ಸನಿಕೆ ಇಸಕೊಂಡ.

ಏವಿಸ್ ಅಳಲಿಲ್ಲ, ಬೈಯಲೂ ಇಲ್ಲ. "ಮಾಡೋದಾದ್ರೆ ಮಾಡು. ಆದ್ರೆ ಈ ಹೊಸ್ತಿಲು ದಾಟಬೇಡ. ಕುರಿಹಟ್ಟೀಲಿ ಮಲಗು. ಊಟ ಕಲ್ಲಿನ ಮೇಲಿಡ್ತೀನಿ" ಅಂದಳು. ದಿನಾ ಅದೇ ಕಲ್ಲಿನ ಮೇಲೆ ಓಟ್ಸ್ ರೊಟ್ಟಿ, ಅವರೆಕಾಳಿನ ಗಂಜಿ. ಅವನು ದೂರದಿಂದ ಡಿಕನ್‌ಗೆ ಕೈಬೀಸುತ್ತಿದ್ದ. ಮಗು ಕಿಟಕಿಯಿಂದ ಎರಡೂ ಕೈ ಬೀಸುತ್ತಿತ್ತು.

ಅಪ್ಪನ ಕೈಗಾಡಿ ಹಟ್ಟಿಯ ಹಿಂದೆ ಹುಳು ಹಿಡಿದು ಬಿದ್ದಿತ್ತು. ಅದನ್ನೇ ಸರಿಮಾಡಿಕೊಂಡ. ಹೋದಲ್ಲೆಲ್ಲ ಜನ ಬಾಗಿಲ ಹೊರಗೆ ಗಂಟು ಇಟ್ಟು ಒಳಗೆ ಸೇರಿಕೊಳ್ಳುತ್ತಿದ್ದರು. ಮೊದಮೊದಲು ಪ್ರತಿ ಗಂಟನ್ನೂ ಅವನು ಮುಖ ಆಚೆ ತಿರುಗಿಸಿಕೊಂಡೇ ಎತ್ತುತ್ತಿದ್ದ. ಆಮೇಲಾಮೇಲೆ ತೋಳು ತಾನಾಗಿ ಎತ್ತಿತು. ಹಾಗಾದದ್ದಕ್ಕೆ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಮಿಯಾಂವ್ ಅನ್ನುವವರು ಈಗ ಯಾರೂ ಇರಲಿಲ್ಲ.

ಗಿರಣಿಯಿಂದ ಕರೆ ಬಂದದ್ದು ಒಂದು ಮಧ್ಯಾಹ್ನ. ಜೋರ್ಡನನ ಮಗಳು ಸಿಸಿಲಿ, ಎಮ್ಮಟ್‌ಳ ವಯಸ್ಸಿನವಳು. ಹೊಸ್ತಿಲ ಹೊರಗೆ ಹಿಟ್ಟಿನ ಚೀಲದಲ್ಲಿ ಸುತ್ತಿಟ್ಟಿದ್ದರು. ಹೇಮೋ ಎತ್ತಿದ. ಚೀಲ ಬಿಸಿಯಾಗಿತ್ತು. ಮುಖದ ಮೇಲಿನ ಬಟ್ಟೆ ಸರಿಸಿದರೆ ಹುಡುಗಿ ಬಾಯಿ ತೆರೆದು ಉಸಿರಾಡುತ್ತಿದ್ದಳು.

ಅವನು ಬಾಗಿಲು ಬಡಿದ.

"ಜೋರ್ಡನ್, ಕೂಸಿಗೆ ಜೀವ ಇದೆ. ಬಾಗಿಲು ತೆಗಿ."

ಒಳಗೆ ಹೆಂಗಸೊಬ್ಬಳು ಅಳುತ್ತಿದ್ದಳು. ಯಾರೋ ಅವಳ ಬಾಯಿ ಮುಚ್ಚಿದಂತೆ ಅದು ನಿಂತಿತು.

"ಕೇಳಿಸ್ತಾ? ಉಸಿರಾಡ್ತಿದಾಳೆ."

"ಕಂಕುಳಲ್ಲಿ ಗಡ್ಡೆ ಎದ್ದಿದೆ" ಅಂತು ಜೋರ್ಡನನ ದನಿ, ಬಾಗಿಲಿಗೆ ತೀರ ಹತ್ತಿರದಿಂದ. "ಸಂಜೆ ಹೊತ್ತಿಗೆ ಹೋಗ್ತಾಳೆ. ಒಳಗೆ ಇನ್ನೂ ಮೂವರಿದಾರೆ. ತಗೊಂಡ್ ಹೋಗು."

"ಸಾಯೋವರೆಗಾದ್ರೂ ಒಳಗಿಟ್ಕೋ. ನಿನ್ನ ಮಗಳು ಕಣೋ."

"ತಗೊಂಡ್ ಹೋಗು ಅಂದೆನಲ್ಲ. ನಿಮ್ಮಪ್ಪ ಇಷ್ಟೆಲ್ಲ ಮಾತಾಡಿರಲಿಲ್ಲ. ಸುಮ್ನೆ ಎತ್ಕೊಂಡು ಹೋದ."

ಹೇಳಿದ ಮೇಲೆ ಒಳಗಿನವನಿಗೂ ತಾನು ಏನು ಹೇಳಿದೆ ಎಂದು ತಿಳಿದಿರಬೇಕು. ಹೇಮೋ ಆ ಹಲಗೆಗಳನ್ನೇ ನೋಡುತ್ತ ನಿಂತ. ಹನ್ನೆರಡು ವರ್ಷದ ಹಿಂದೆ ಇದೇ ಹೊಸ್ತಿಲ ಹೊರಗೆ ಆ ತಾಯಿಯನ್ನು ಮಲಗಿಸಿದವರು ಯಾರು, ಒಳಗಿಂದ ಅಗುಳಿ ಒತ್ತಿಹಿಡಿದವರು ಯಾರು ಎಂದು ಅವನಿಗೆ ಈಗ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಜೋರ್ಡನ್" ಅಂದ. "ನಿಮ್ಮವ್ವನ್ನೂ ಹಿಂಗೇ ಇಟ್ಟಿದ್ರಾ?"

ಎದುರುಮನೆಯ ಕಿಟಕಿಯಲ್ಲಿ ನಿಂತಿದ್ದ ಹೆಂಗಸು ಹಲಗೆ ಎಳೆದುಕೊಂಡಳು.

ಹುಡುಗಿಯನ್ನು ಮನೆಗೆ ಒಯ್ಯುವಂತಿರಲಿಲ್ಲ. ಕೈಗಾಡಿಯ ಮೇಲೆ ಮಲಗಿಸಲು ಮನಸ್ಸಾಗದೆ, ಎದೆಗವಚಿಕೊಂಡು ಚರ್ಚಿನ ಅಂಗಳಕ್ಕೆ ನಡೆದ. ಗೋಡೆಯ ಮೂಲೆಯಲ್ಲಿ ಅಪ್ಪ ಸನಿಕೆ ಇಡಲು ಕಟ್ಟಿಕೊಂಡಿದ್ದ ಕಲ್ಲಿನ ಮಾಡು ಇತ್ತು. ಅಲ್ಲಿ ಕೂತು ಅವಳನ್ನು ತೊಡೆಯ ಮೇಲೆ ಹಾಕಿಕೊಂಡು, ಬಟ್ಟೆಯ ತುದಿ ಅದ್ದಿ ತುಟಿಗೆ ನೀರು ಹಿಂಡಿದ. ಹುಡುಗಿ ಒಮ್ಮೆ ಕಣ್ಣು ಬಿಟ್ಟಳು.

"ನೀನು ಗಿಬ್ಸನ್ ಅಲ್ವಾ?"

"ಹೂಂ."

"ನನ್ನನ್ನ ಗುಂಡಿಗೆ ಹಾಕ್ತೀಯಾ?"

"ಇಲ್ಲಮ್ಮ. ಇಲ್ಲೇ ಕೂತಿರೋಣ."

"ಚಳಿ ಆಗ್ತಿದೆ."

ಅವನು ತನ್ನ ಕಂಬಳಿ ಹೊದಿಸಿ ಬಿಗಿಯಾಗಿ ಹಿಡಿದುಕೊಂಡ. ಅಪ್ಪನೂ ಇದೇ ಮಾಡಿನಡಿ ಗಿರಣಿಯ ಹೆಂಗಸನ್ನು ಹೀಗೇ ಹಿಡಿದುಕೊಂಡು ಕೂತಿದ್ದನೇನೋ. ಕೂತಿರಲಿಲ್ಲವೇನೋ, ಜೋರ್ಡನ್ ಹೇಳಿದಂತೆ ಮಣ್ಣೆಳೆದೇ ಬಿಟ್ಟಿದ್ದನೇನೋ. ತಿಳಿಯುವ ದಾರಿಯಿರಲಿಲ್ಲ. ತಿಳಿದದ್ದು ಇಷ್ಟೇ, ಆಕೆ ಹೆತ್ತ ಮಗನ ಮಾನ ಉಳಿಸಲೆಂದೋ, ಹೇಳಿ ಪ್ರಯೋಜನವಿಲ್ಲವೆಂದೋ, ಆ ಮನುಷ್ಯ ಎಲ್ಲವನ್ನೂ ನುಂಗಿಕೊಂಡು ಒಲೆಗೆ ಸೌದೆ ಹಾಕಿದ್ದ. ಬಿಸಿಲು ಗೋಡೆ ಹತ್ತಿ ಆಚೆ ಇಳಿಯುವಷ್ಟರಲ್ಲಿ ಸಿಸಿಲಿಯ ಉಸಿರು ನಿಂತಿತು. ಮೈ ತಣ್ಣಗಾಗಿ ಬೆರಳು ಸೆಟೆಯುವವರೆಗೂ ಹೇಮೋ ಎದ್ದೇಳಲಿಲ್ಲ. ಆಮೇಲೆ ಅವಳಿಗೊಬ್ಬಳಿಗೇ ಬೇರೆ ಕುಣಿ ತೋಡಿದ. ಪಾದ್ರಿಗಳು ಅಷ್ಟರಲ್ಲಿ ತಾವೇ ಹಾಸಿಗೆ ಹಿಡಿದಿದ್ದರಿಂದ ಪ್ರಾರ್ಥನೆ ಹೇಳಲು ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಏವಿಸ್ ಕಲ್ಲಿನ ಮೇಲೆ ಗಂಜಿ ಇಡಲು ಬಾಗಿಲು ತೆಗೆದಾಗ ಡಿಕನ್ ಅವಳ ಕಾಲ ಸಂದಿಯಿಂದ ನುಸುಳಿ ತಟಪಟ ಓಡಿಬಂದು ಅಪ್ಪನ ಮೊಣಕಾಲು ತಬ್ಬಿಕೊಂಡ. ಹೇಮೋ ಕೈ ಮೇಲೆತ್ತಿ ಹಾಗೇ ನಿಂತ, ಮುಟ್ಟಲಿಲ್ಲ. ಏವಿಸ್ ಬಂದು ಮಗುವನ್ನು ಕಿತ್ತುಕೊಂಡು ಹೋದಳು. ಆ ವಾರ ಮುಗಿಯುವ ಮುಂಚೆ ಡಿಕನ್ ಹೋದ.

"ಯಾರದೋ ಕೂಸನ್ನ ಮಡಿಲಲ್ಲಿಟ್ಕೊಂಡು ಬಂದೆ" ಅಂದಳು ಏವಿಸ್. "ಅದನ್ನ ಅಲ್ಲೇ ಬಿಟ್ಟು ಬಂದಿದ್ರೆ ಆಗ್ತಿರಲಿಲ್ವಾ?"

ಮಗನ ಕುಣಿಯನ್ನೂ ಅವನೇ ತೋಡಿದ.

ಕೊಯ್ಲಿನ ಹೊತ್ತಿಗೆ ಮಾರಿ ಕಣಿವೆ ಬಿಟ್ಟು ಹೋಯಿತು. ಪಾದ್ರಿಗಳನ್ನೂ ಕರೆದುಕೊಂಡೇ ಹೋಯಿತು. ಜಮೀನ್ದಾರನ ಪಾರುಪತ್ತೇಗಾರ ಬಂದು ದೊಡ್ಡ ಕೊಟ್ಟಿಗೆಯಲ್ಲಿ ಊರ ಪಂಚಾಯಿತಿ ಸೇರಿಸಿದ. ಯಾರು ಸತ್ತರು, ಯಾವ ಹೊಲ ಬೀಳುಬಿತ್ತು, ಅದೇ ಅವನಿಗೆ ಬೇಕಾಗಿದ್ದದ್ದು. ಮಾತಿನ ನಡುವೆ ಜೋರ್ಡನ್ ಎದ್ದ. ಒಂದು ಬೇಸಗೆಯಲ್ಲಿ ಮುದುಕನಾಗಿದ್ದ.

"ನನ್ನ ಮಗಳನ್ನ ಇವನು ಜೀವ ಇರೋವಾಗ್ಲೇ ಹೊತ್ಕೊಂಡು ಹೋದ. ಎದುರುಮನೆಯವರು ನೋಡಿದಾರೆ, ಕೂಸು ಮುಲುಕ್ತಿತ್ತು. ಅಪ್ಪ ನಮ್ಮವ್ವನ್ನ ತಿಂದ, ಮಗ ನನ್ನ ಮಗಳನ್ನ."

ಹೇಮೋ ನಡೆದದ್ದನ್ನು ನಡೆದಂತೆ ಹೇಳಿದ, ಬಾಗಿಲಿನ ಮಾತನ್ನೂ ಬಿಡದೆ. ದನಿ ಎತ್ತಲಿಲ್ಲ. ಹೇಳಿ ಮುಗಿಸಿ, ಎದುರುಮನೆಯ ಹೆಂಗಸಿನ ಕಡೆ ತಿರುಗಿದ. ಅವಳು ತಲೆ ಬಗ್ಗಿಸಿ ಲಂಗದ ಅಂಚಿನ ದಾರ ಎಳೆಯುತ್ತ ಕೂತಳು. ಸುತ್ತ ನೋಡಿದ. ಎಷ್ಟು ಮನೆಯ ಹೊಸ್ತಿಲಿಂದ ಎಷ್ಟು ಗಂಟು ಎತ್ತಿದ್ದ. ಅವುಗಳಲ್ಲಿ ಕೆಲವಾದರೂ ತೀರ ಬೇಗ ಹೊರಗೆ ಬಂದಿದ್ದವು ಎನ್ನುವುದು ಅವರ ಮುಖಗಳಲ್ಲೇ ಕಂಡಿತು. ಒಬ್ಬರೂ ಬಾಯಿ ಬಿಡಲಿಲ್ಲ.

ಪಾರುಪತ್ತೇಗಾರ ಆಕಳಿಸಿದ. "ಸತ್ತ ಮಕ್ಕಳ ನ್ಯಾಯ ದೇವರು ನೋಡ್ಕೋತಾನೆ. ಕಡವಿನ ಹೊಲ ಯಾರದ್ದು?"

"ಗಿಬ್ಸನ್‌ದು" ಅಂದರು ನಾಲ್ಕಾರು ಜನ ಒಟ್ಟಿಗೆ.

ಮನೆಗೆ ಬರುವ ದಾರಿಯಲ್ಲಿ ಏವಿಸ್, ಮಗು ಹೋದ ಮೇಲೆ ಮೊದಲ ಸಲ, ತಾನಾಗಿ ಮಾತಾಡಿದಳು.

"ಅದು ನಿಜಾನಾ? ಬಾಗಿಲ ಹಿಂದಿಂದ ಹಾಗೆ ಅಂದ್ನಾ?"

"ಅಂದ."

"ಹಾಗಿದ್ರೆ ಇಲ್ಲಿ ಇರೋದು ಬೇಡ. ಎಮ್ಮಟ್‌ನ ಇವರ ಮಧ್ಯೆ ಬೆಳೆಸಲ್ಲ ನಾನು."

ಜಮೀನ್ದಾರನ ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ. ಆದರೆ ಎಲ್ಲೆಲ್ಲೂ ದುಡಿಯುವ ಕೈಗಳಿಗೆ ಬರ ಬಂದಿದ್ದ ವರ್ಷವದು. ಓಡಿಬಂದವರನ್ನು ಯಾವ ಊರೆಂದು ಯಾರೂ ಕೇಳುತ್ತಿರಲಿಲ್ಲ. ವಸಂತದಲ್ಲಿ, ಕುರಿಗಳನ್ನು ಗುಡ್ಡದ ಹೇಮೋನ ಮಂದೆಗೆ ಬಿಟ್ಟು, ಮೂವರೂ ಬಯಲಿನ ಕಡೆ ಇಳಿದರು. ಏವಿಸ್ ಚರ್ಚಿನ ಗೋಡೆಯ ಹತ್ತಿರ ನಿಲ್ಲಲಿಲ್ಲ. ನಿಂತರೆ ಮತ್ತೆ ಹೊರಡಲಾರೆ ಅಂದಳು.

ಔಸ್ ನದಿಯ ದಡದಲ್ಲಿ ಸನ್ಯಾಸಿಗಳ ಮಠವೊಂದರ ದೊಡ್ಡ ಕುರಿಹಟ್ಟಿ. ಮೇಸ್ತ್ರಿ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕೂತು, ಬಂದವರ ಅಂಗೈ ಮುಟ್ಟಿ ನೋಡಿ ಒಳಗೆ ಬಿಡುತ್ತಿದ್ದ.

"ಹೆಸರು?"

"ಹೇಮೋ. ಕಡವಿನ ಹೇಮೋ."

"ಇಲ್ಲಿ ಎಲ್ಲಿದೆ ಕಡವು? ಸೇತುವೆ ಇದೆ." ಮೇಸ್ತ್ರಿ ನಕ್ಕು ಎಮ್ಮಟ್ ಕಡೆ ತಿರುಗಿದ. "ನಿನ್ನ ಹೆಸರೇನೇ ಪುಟ್ಟಿ?"

"ಎಮ್ಮಟ್ ಗಿಬ್ಸನ್."

"ಗಿಬ್ಬನ ಮಗ? ಲಂಗ ಹಾಕ್ಕೊಂಡಿರೋ ಮಗಾನ ಇವತ್ತೇ ನೋಡಿದ್ದು."

"ನಮ್ಮನೇವರನ್ನೆಲ್ಲ ಹಂಗೇ ಕರೆಯೋದು" ಅಂದಳು ಹುಡುಗಿ. "ನಮ್ಮ ಡಿಕನ್‌ನೂ ಹಂಗೇ ಕರೀತಿದ್ರು."

ಹೇಮೋ ಯಾವ ಮೂಲೆಯಿಂದ ಬೆಕ್ಕಿನ ಕೂಗು ಬರುತ್ತದೋ ಎಂದು ಕಾದ. ಹಟ್ಟಿಯಲ್ಲಿ ಯಾರೂ ತಲೆ ಎತ್ತಿ ಕೂಡ ನೋಡಲಿಲ್ಲ. ಮೇಸ್ತ್ರಿ ಹುಲ್ಲಿನ ಅಟ್ಟ ತೋರಿಸಿ, "ಹೋಗ್ರಪ್ಪ, ಆ ಕಡೆ ಗಿಬ್ಸನ್‌ಗಳಿಗೆ ಜಾಗ ಇದೆ" ಅಂದು ಮುಂದಿನವನ ಕೈ ಹಿಡಿದ.

ಅಟ್ಟದ ಏಣಿ ಹತ್ತುವಾಗ ಏವಿಸ್ ಕೇಳಿದಳು, "ಅಲ್ಲ ಅನ್ನಬಹುದಿತ್ತಲ್ಲ ನೀನು. ಇಲ್ಲಿ ಯಾರಿಗೆ ಗೊತ್ತು?"

"ಮಗು ಎದುರಿಗೆ ಹೇಗೆ ಅಲ್ಲ ಅನ್ನಲಿ?"

ಅವಳು ಹುಲ್ಲು ಹರವಿದಳು, ಎಮ್ಮಟ್‌ಳನ್ನು ನಡುವೆ ಮಲಗಿಸಿದಳು. ಬಹಳ ಕಾಲ ಹಾಗೇ ನಡುವೆಯೇ ಮಲಗಿಸಿದಳು. ಹೇಮೋ ಕುರಿ ಕಾದ, ತುಪ್ಪಟ ಕತ್ತರಿಸಿದ, ಯಾರ ಜೊತೆಗೂ ಹೆಚ್ಚು ಮಾತಿಲ್ಲದೆ. ಬೆಂಚಿನಲ್ಲಿ ಅವನ ಪಕ್ಕದಲ್ಲಿ ಜನ ಕೂರುತ್ತಿದ್ದರು. ಅವನಿಗೇ ಅದು ಅಭ್ಯಾಸವಾಗದೆ, ಎದ್ದು ಹೊರಗೆ ಹೋಗುತ್ತಿದ್ದ. ಮೂರನೆಯ ಚಳಿಗಾಲದಲ್ಲಿ ಏವಿಸ್ ಇನ್ನೊಂದು ಗಂಡುಮಗು ಹೆತ್ತಳು. ಇದನ್ನಾದರೂ ಹೇಮೋನ ಮಗ ಅನ್ನಲಿ ಎಂದು ಅವಳು ಸೂಲಗಿತ್ತಿಗೆ ಮೊದಲೇ ಹೇಳಿಟ್ಟಿದ್ದಳು. ಸೂಲಗಿತ್ತಿ ಹೂಂ ಅಂದು, ಹೊರಗೆ ಹೋಗಿ, ಗಿಬ್ಸನ್‌ಗಳ ಮನೆಯಲ್ಲಿ ಗಂಡು ಹುಟ್ಟಿತು ಎಂದು ಕೂಗಿ ಹೇಳಿದಳು.