ಕಾಲೇಜು ಮುಗಿಸಿದವರ ಕಾರ್ಡುಗಳು

"ಅನ್ನ ಬೇಯ್ಸದು ಕಲಿಯಕ್ಕೆ ನಿನ್ ಮಗಳಿಗೆ ಸರ್ಕಾರಿ ಕಾಲೇಜೇ ಆಗ್ಬೇಕೇನೆ ಬೀಬಿ? ನಾನು ಹೇಳಿದ ಕಾಲೇಜು ಸಾಬರ ಹುಡುಗಿಗೆ ಸಾಲಲ್ವಾ?"

ಪಾತ್ರೆ ಅರ್ಧ ತಿಕ್ಕಿ ಬಿಟ್ಟು ಬೀಬಿ ಜಾನ್ ಹಿತ್ತಲಿನಿಂದ ಬಂದು ಜಗಲಿಯ ಕೆಳಗೆ ನಿಂತಿದ್ದಳು. ಕೈಗೆ ಮೆತ್ತಿದ ಬೂದಿ ಹಾಗೇ ಇತ್ತು. ಅವಳ ಮಗಳು ಮುಮ್ತಾಜಳ ಬ್ಯಾಂಕ್ ಸಾಲದ ಅರ್ಜಿ ಜಗಲಿಯ ಮೇಲೆ ಕೂತ ಮನೆಯ ಯಜಮಾನ ಚಂದ್ರಶೇಖರಯ್ಯನ ಮುಂದಿತ್ತು. ಜಾಮೀನು ನಿಲ್ಲುವವರು ಸಹಿ ಹಾಕಬೇಕಾದ ಜಾಗದ ಮೇಲೆ ಅವನು ಕಾಫಿ ಲೋಟ ಇಟ್ಟ.

ಹಿರೇಕೊಡಿಗೆಯಲ್ಲಿ ಗದ್ದೆ, ಬಾಳಗಡಿಯಲ್ಲಿ ಈ ಮನೆ, ಬಯಲುಸೀಮೆಯಲ್ಲಿ ಭಾವನ ಖಾಸಗಿ ಕಾಲೇಜು. ಮೂರರಲ್ಲೂ ಅವನ ಮಾತು ನಡೆಯುತ್ತಿತ್ತು. ಆ ಕಾಲೇಜಿನ ಆಹಾರ ವಿಜ್ಞಾನದ ಬಿಎಸ್ಸಿಗೆ ಹುಡುಗಿಯರನ್ನು ಸೇರಿಸಿದರೆ ತಲೆಗಿಷ್ಟು ಎಂದು ಅವನಿಗೆ ಸಿಗುತ್ತಿತ್ತು. ಫೀಸಿಗೆ ದುಡ್ಡಿಲ್ಲದವರಿಗೆ ಅವನೇ ಬಡ್ಡಿಗೆ ಕೊಡುತ್ತಿದ್ದ. ಎಂಬತ್ಮೂರರ ಜೂನ್. ಜಗಲಿಯಲ್ಲಿ ಆರೇಳು ಕೂಲಿಯವರು, ಮಗಳಿಗೆ ಆಸ್ಪತ್ರೆಯಲ್ಲಿ ಆಫೀಸರ್ ಕೆಲಸ ಸಿಗುತ್ತದೆ ಎಂಬ ಆಸೆಯಲ್ಲಿ ಕೂತಿದ್ದರು.

"ಅವ್ಳೇ ಕಾಲೇಜು ನೋಡ್ಕಂಡಿದಾಳೆ ಅಯ್ಯಾ. ನೀವೊಂದು ಸೈನ್ ಹಾಕಿದ್ರೆ ಬ್ಯಾಂಕಿನೋರು ಕೊಡ್ತಾರಂತೆ."

"ನೋಡ್ಕಂಡಿದಾಳಾ? ಗಂಡು ನೋಡ್ದಂಗೆ?" ಅವನು ನಕ್ಕ. ಕೂತವರಲ್ಲಿ ಇಬ್ಬರು ನಕ್ಕರು. "ಎಂಜಲು ತೊಳೆಯೋಳ ಮಗ್ಳು ಕಾಲೇಜು ಆರಿಸ್ತಾಳಂತೆ. ಮೊದ್ಲು ಅವ್ಳ ಹೊಟ್ಟೆಗೆ ಹಾಕು. ಕಡ್ಡಿ ಇದ್ದಂಗಿದಾಳೆ, ಊರೋರಿಗೆ ಏನು ತಿನ್ಬೇಕು ಅಂತ ಇವ್ಳು ಹೇಳ್ಕೊಡ್ತಾಳೆ."

ಮುಮ್ತಾಜ್ ಅಮ್ಮನ ಹಿಂದೆ ನಿಂತಿದ್ದಳು. ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದವಳು. ಭಾವನ ಕಾಲೇಜಿನವರು ಹಂಚಿದ ಪುಸ್ತಕದಲ್ಲಿ ಅಲ್ಲಿ ಓದಿ ಮುಗಿಸಿದವರ ಹೆಸರು, ಊರು ಅಚ್ಚಾಗಿತ್ತು. ಸರ್ಕಾರಿ ಕಾಲೇಜಿನಲ್ಲಿ ಓದಿದವರ ವಿಳಾಸ ಕೊಪ್ಪದ ನರ್ಸೊಬ್ಬರು ಕೊಟ್ಟಿದ್ದರು. ಒಟ್ಟು ಹನ್ನೊಂದು ಜನರಿಗೆ ಅವಳು ಉತ್ತರದ ಕಾರ್ಡು ಸಮೇತ ಅಂಚೆ ಕಾರ್ಡು ಬರೆದಿದ್ದಳು. ಎಲ್ಲರಿಗೂ ಅವೇ ಮೂರು ಪ್ರಶ್ನೆ: ಓದಿಗೆ ಎಷ್ಟು ಖರ್ಚಾಯಿತು, ಸಾಲ ಎಷ್ಟು ಉಳಿದಿದೆ, ಈಗ ತಿಂಗಳಿಗೆ ಏನು ಬರುತ್ತದೆ. ಒಂಬತ್ತು ಉತ್ತರ ಬಂದಿದ್ದವು.

ಅವಳು ಕಾರ್ಡುಗಳನ್ನು ತೆಗೆದಳು. ಅವನನ್ನು ಬಿಟ್ಟು ಜಗಲಿಯಲ್ಲಿ ಕೂತವರ ಕಡೆ ತಿರುಗಿದಳು.

"ಸರ್ಕಾರಿ ಕಾಲೇಜಿನೋರು ನಾಲ್ಕು ಜನ ಬರ್ದಿದಾರೆ. ಹಾಸ್ಟೆಲ್ ಸೇರಿ ಮೂರು ವರ್ಷಕ್ಕೆ ಎರಡೂವರೆ ಸಾವಿರ. ಇಬ್ರು ಆಸ್ಪತ್ರೇಲಿದಾರೆ, ಏಳ್ನೂರರ ಮೇಲೆ ಸಂಬಳ. ಒಬ್ರು ಟೀಚರ್. ಒಬ್ರಿಗೆ ಕೆಲ್ಸ ಸಿಕ್ಕಿಲ್ಲ, ಸಾಲಾನೂ ಇಲ್ಲ."

"ಬಾಯ್ಮುಚ್ಚೆ ಬೇವರ್ಸಿ."

ಅವಳು ನಿಲ್ಲಿಸಲಿಲ್ಲ. "ಅಯ್ಯನೋರ ಭಾವನ ಕಾಲೇಜಿನೋರು ಐದು ಜನ. ಡೊನೇಷನ್ ಸೇರಿ ಒಂಬತ್ತು ಸಾವಿರ. ಒಬ್ಬಳು ಅಂಗನವಾಡೀಲಿ, ನೂರಾ ಎಪ್ಪತ್ತೈದು. ಆ ಕೆಲ್ಸಕ್ಕೆ ಎಸ್ಸೆಸ್ಸೆಲ್ಸಿ ಸಾಕಿತ್ತಂತೆ. ಒಬ್ಬಳು ನರ್ಸಿಂಗ್ ಹೋಮಿನ ಅಡುಗೆಮನೇಲಿ, ಇನ್ನೂರು. ಇಬ್ರು ಮನೇಲಿ."

ಐದನೆಯದನ್ನು ಹೆಸರು ಬಿಟ್ಟು, ಇದ್ದ ಹಾಗೇ ಓದಿದಳು. "ಅಪ್ಪ ಎತ್ತು ಮಾರಿದರು, ಆಮೇಲೆ ಗದ್ದೆ. ಬಡ್ಡಿ ತೀರಿಲ್ಲ. ನಮ್ಮೂರಲ್ಲಿ ಸಾಲ ಕೊಟ್ಟವರ ಮನೆಯಲ್ಲೇ ಅಡುಗೆಗೆ ಇದ್ದೇನೆ, ಸಂಬಳ ಬಡ್ಡಿಗೆ ವಜಾ. ತಂಗೀ, ನೀನು ಈ ದಾರಿಗೆ ಬರಬೇಡ."

ಚಂದ್ರಶೇಖರಯ್ಯ ಇಳಿದು ಬಂದು ಅವಳ ಕೆನ್ನೆಗೆ ಬಾರಿಸಿದ. ಕಾರ್ಡುಗಳು ಕೆಸರಿಗೆ ಬಿದ್ದವು. ಮೇಲೆ ಹೋಗಿ ಅರ್ಜಿಯನ್ನು ಹರಿದು ಅಂಗಳಕ್ಕೆ ಎಸೆದ.

"ನಾಳೆ ಈ ಕಡೆ ಬಂದ್ರೆ ಕಾಲು ಮುರೀತೀನಿ ಬೀಬಿ. ಕೊಪ್ಪದಾಗೆ ಯಾವ ಮನೇಲೂ ನಿಂಗೆ ಕೆಲ್ಸ ಸಿಗದಂಗೆ ಮಾಡ್ತೀನಿ."

ಬೀಬಿ ಜಾನ್ ಮಗಳ ಕೆನ್ನೆ ನೋಡಿದಳು. ಹದಿನಾಲ್ಕು ವರ್ಷ ಆ ಮನೆಯಲ್ಲಿ ದುಡಿದಿದ್ದರೂ ಮುಂಬಾಗಿಲಿನ ಮೆಟ್ಟಿಲು ಅವಳು ಹತ್ತಿದ್ದಿಲ್ಲ. ಈಗ ಹತ್ತಿದಳು. ಅವನ ಪಕ್ಕದಲ್ಲೇ ಹಾದು ಹೋಗಿ, ಹೊಸ್ತಿಲ ಮೇಲೆ ಬಾಗಿಲಿಗೆ ಅಡ್ಡ ಕೂತಳು.

"ಬಾಕಿ ಇರೋ ಮೂರು ತಿಂಗಳ ಸಂಬಳ ಕೊಡು. ಎದ್ದು ಹೋಗ್ತೀನಿ."

"ಏನಂದೆ? ಕೊಡು? ಏಳೆ ಮೈಲಿಗೆ ಮುಂಡೇದೆ. ಪೊಲೀಸ್ನೋರನ್ನ ಕರೆಸ್ತೀನಿ."

"ಕರ್ಸು."

ಜಗಲಿಯಲ್ಲಿದ್ದ ಇಬ್ಬರು ಛತ್ರಿ ತಗೊಂಡು ಮೆಲ್ಲಗೆ ಹೊರಟುಹೋದರು. ಕೆರೆಕಟ್ಟೆಯಿಂದ ಬಂದಿದ್ದ ವೀರಪ್ಪ ಮಾತ್ರ ಎದ್ದು ನಿಂತ. ಸಾಲದ ಕಾಗದಕ್ಕೆ ಆಗಲೇ ಹೆಬ್ಬೆಟ್ಟು ಒತ್ತಿದ್ದ ಅವನ ಬೆರಳು ಇನ್ನೂ ಕಪ್ಪಗಿತ್ತು.

"ಆ ಕೂಸು ಓದಿದ್ದು ಸುಳ್ಳಾ ಅಯ್ಯಾ?"

ಚಂದ್ರಶೇಖರಯ್ಯ ಮುಂದಿದ್ದ ಸಾಲದ ಕಾಗದಗಳನ್ನು ಗುಡ್ಡೆ ಮಾಡಿಕೊಂಡ.

"ನನ್ ಕಾಗ್ದ ವಾಪಸ್ ಕೊಡಿ. ದುಡ್ಡು ನೀವಿನ್ನೂ ಕೊಟ್ಟಿಲ್ಲ ಮಾರಾಯ್ರೆ."

"ಒತ್ತಿದ್ಮೇಲೆ ಆಯ್ತು. ನಡಿ ಮನೆಗೆ."

ವೀರಪ್ಪ ನಡೆಯಲಿಲ್ಲ. ಹತ್ತಿರ ಬಂದು ಕೈ ಚಾಚಿ, ತನ್ನ ಹೆಬ್ಬೆಟ್ಟಿದ್ದ ಕಾಗದದ ತುದಿ ಹಿಡಿದ. ಇನ್ನೊಂದು ತುದಿ ಚಂದ್ರಶೇಖರಯ್ಯನ ಮುಷ್ಟಿಯಲ್ಲಿತ್ತು. ಇಬ್ಬರೂ ಬಿಡಲಿಲ್ಲ.